ಕ್ರಿಪ್ಟೊ ಸಾಲಕ್ಕೆ ಎಐ ಗುಮಾಸ್ತ: ಪತ್ರ ಬರೆಯುವುದು ಯಂತ್ರ, ಸಹಿಯ ಹೊಣೆ ಯಾರದು?

ಶಿವಮೊಗ್ಗ: ಹೊಸಮನೆ ಎಂಬ ಬಡಾವಣೆ ಶಿವಮೊಗ್ಗ ನಗರದಲ್ಲಿದೆ. ಅದೇ ಹೆಸರಿನ ಬಡಾವಣೆ ಸುಮಾರು 20 ಕಿ.ಮೀ. ದೂರದ ಭದ್ರಾವತಿಯಲ್ಲೂ ಇದೆ. ಲಕೋಟೆಯ ಮೇಲೆ ಬರಿಯ ‘ಹೊಸಮನೆ’ ಎಂದು ಬರೆದರೆ ಪತ್ರ ಎಲ್ಲಿಗೆ ಹೋಗಬೇಕೆಂದು ಅಂಚೆಯವರಿಗೆ ತಿಳಿಯದು. ಊರಿನ ಹೆಸರು ಬೇಕು, ಪಿನ್‌ಕೋಡ್ ಬೇಕು. ಹಾಗೊಮ್ಮೆ ತಪ್ಪಿದರೂ ಪತ್ರ ನಾಲ್ಕು ದಿನ ತಡವಾಗಿ ಸರಿಯಾದ ಮನೆ ಸೇರುತ್ತದೆ, ಇಲ್ಲವೇ ಕಳುಹಿಸಿದವರಿಗೆ ಮರಳುತ್ತದೆ.

ಕ್ರಿಪ್ಟೊ ನಾಣ್ಯಗಳ ಜಗತ್ತಿನಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಒಂದೇ ಹೆಸರಿನ ಹತ್ತಾರು ನಾಣ್ಯಗಳು ಇರಬಹುದು. ಒಂದೊಂದಕ್ಕೂ 42 ಅಕ್ಷರಗಳ ಪ್ರತ್ಯೇಕ ವಿಳಾಸ. ತಪ್ಪು ವಿಳಾಸಕ್ಕೆ ಹೋದ ಹಣವನ್ನು ಹಿಂದಕ್ಕೆ ತರಿಸುವ ಅಧಿಕಾರ ಯಾವ ಕಚೇರಿಗೂ ಇಲ್ಲ. ಇಂಥ ಜಗತ್ತಿನಲ್ಲಿ ಸಾಲದ ವ್ಯವಹಾರದ ಕಾಗದಪತ್ರಗಳನ್ನು ಸಿದ್ಧಪಡಿಸುವ ಕೆಲಸವನ್ನು ಈಗ ಕೃತಕ ಬುದ್ಧಿಮತ್ತೆಯ, ಅಂದರೆ ಎಐ ಏಜೆಂಟ್‌ಗಳಿಗೆ ಒಪ್ಪಿಸುವ ಸಲಕರಣೆಗಳು ಬಂದಿವೆ. ‘ನನ್ನಲ್ಲಿರುವ ನಾಣ್ಯವನ್ನು ಅಡವಿಟ್ಟು ಇಷ್ಟು ಸಾಲ ತೆಗೆದುಕೊಡು’ ಎಂದು ಮಾತಿನಲ್ಲಿ ಹೇಳಿದರೆ ಸಾಕು, ಏಜೆಂಟ್ ಬಡ್ಡಿದರ ಹೋಲಿಸಿ, ಲೆಕ್ಕ ಹಾಕಿ, ವ್ಯವಹಾರವನ್ನು ಸಿದ್ಧಪಡಿಸಿ ಸಹಿಗಾಗಿ ಮುಂದಿಡುತ್ತದೆ.

ಬೆಂಗಳೂರು ಈ ಕ್ಷೇತ್ರದ ತಂತ್ರಜ್ಞರಿಗೆ ಹೊಸ ಊರೇನಲ್ಲ. ಭಾರತದ ಮೊದಲ ಬಿಟ್‌ಕಾಯಿನ್ ಕಂಪನಿಗಳಲ್ಲೊಂದಾದ ಯುನೊಕಾಯಿನ್ 2013ರಲ್ಲಿ ಆರಂಭವಾದದ್ದು ಕರ್ನಾಟಕದಲ್ಲೇ. ಇಥೀರಿಯಂ ತಂತ್ರಾಂಶಕಾರರ ‘ಇಥ್‌ಇಂಡಿಯಾ’ ಸ್ಪರ್ಧೆ 2018ರ ಆಗಸ್ಟ್‌ನಲ್ಲಿ ಮೊದಲು ನಡೆದದ್ದೂ ಬೆಂಗಳೂರಿನಲ್ಲೇ. ಹೀಗಾಗಿ ರಾಜ್ಯದ ನಗರಗಳ ಯುವಜನರ ಮೊಬೈಲ್‌ಗೆ ಇಂಥ ಸಲಕರಣೆಗಳು ಬೇಗನೆ ತಲುಪುವುದರಲ್ಲಿ ಅಚ್ಚರಿಯಿಲ್ಲ. ಇದು ಹೇಗೆ ನಡೆಯುತ್ತದೆ, ಎಲ್ಲಿ ತಪ್ಪಬಹುದು, ತಪ್ಪಿದರೆ ಯಾರನ್ನು ಕೇಳಬೇಕು ಎಂಬುದನ್ನು ತಿಳಿದಿರುವುದು ಒಳಿತು.

ಅಡಿಕೆ ಅಡಮಾನ, ನಾಣ್ಯದ ಅಡಮಾನ

ಅಡಮಾನ ಸಾಲವೆಂಬುದು ಮಲೆನಾಡಿಗೆ ಅಪರಿಚಿತವಲ್ಲ. 1939ರಲ್ಲಿ ಸ್ಥಾಪನೆಯಾದ ಮ್ಯಾಮ್‌ಕೋಸ್‌ನಂಥ ಸಹಕಾರ ಸಂಘಗಳ ಗೋದಾಮಿನಲ್ಲಿ ಬೆಳೆಗಾರರು ಅಡಿಕೆ ಇಟ್ಟು, ಅದರ ಮೇಲೆ ಮುಂಗಡ ಪಡೆಯುವ ಪದ್ಧತಿ ಹಳೆಯದು. ಧಾರಣೆ ಏರುವ ನಿರೀಕ್ಷೆ ಇರುವಾಗ ರಾಶಿ ಇಡಿಯನ್ನು ಇಂದೇ ಮಾರಲು ಮನಸ್ಸಿಲ್ಲ. ಆದರೆ ಮಗಳ ಮದುವೆಗೋ ತೋಟದ ಕೆಲಸಕ್ಕೋ ಇಂದೇ ಹಣ ಬೇಕು. ಆಗ ಸರಕು ಗೋದಾಮಿನಲ್ಲಿ ಉಳಿಯುತ್ತದೆ, ಹಣ ಕೈಗೆ ಬರುತ್ತದೆ. ಚಿನ್ನದ ಮೇಲಿನ ಸಾಲದ ತತ್ತ್ವವೂ ಇದೇ.

ವಿಕೇಂದ್ರೀಕೃತ ಕ್ರಿಪ್ಟೊ ಸಾಲವೂ ಮೂಲತಃ ಇದೇ ಅಡಮಾನದ ವ್ಯವಹಾರ. ಈಥರ್ ನಾಣ್ಯ ಹೊಂದಿರುವವರು ಅದನ್ನು ಮಾರದೆ ಅಡವಿಟ್ಟು, ಡಾಲರ್ ಮೌಲ್ಯಕ್ಕೆ ಕಟ್ಟಿಹಾಕಿದ ‘ಸ್ಟೇಬಲ್‌ಕಾಯಿನ್’ಗಳನ್ನು ಸಾಲವಾಗಿ ಪಡೆಯುತ್ತಾರೆ. ವ್ಯತ್ಯಾಸವಿರುವುದು ಗೋದಾಮಿನಲ್ಲಿ. ಇಲ್ಲಿ ಗೋದಾಮಿನ ಗುಮಾಸ್ತನಿಲ್ಲ, ಬ್ಯಾಂಕ್ ವ್ಯವಸ್ಥಾಪಕರಿಲ್ಲ. ‘ಸ್ಮಾರ್ಟ್ ಕಾಂಟ್ರ್ಯಾಕ್ಟ್’ ಎಂದು ಕರೆಯುವ ತಂತ್ರಾಂಶವೇ ಅಡಮಾನ ಸ್ವೀಕರಿಸುತ್ತದೆ, ಸಾಲ ಕೊಡುತ್ತದೆ, ಬಡ್ಡಿ ಲೆಕ್ಕ ಹಾಕುತ್ತದೆ, ಅಡಮಾನದ ಬೆಲೆ ಕುಸಿದರೆ ಮಾರಿಬಿಡುತ್ತದೆ. ಸಾಲ ಕೇಳುವವರ ಹೆಸರು, ಸಂಬಳ, ಜಾಮೀನುದಾರರ ವಿವರ ಯಾವುದನ್ನೂ ಅದು ಕೇಳುವುದಿಲ್ಲ. ಅದು ನೋಡುವುದು ಅಡಮಾನವನ್ನು ಮಾತ್ರ.

ಈ ಬಗೆಯ ವ್ಯವಸ್ಥೆಗಳಲ್ಲಿ ಮೇಕರ್‌ಡಾವೊ 2017ರ ಡಿಸೆಂಬರ್‌ನಲ್ಲಿ ‘ಡಾಯ್’ ಎಂಬ ನಾಣ್ಯವನ್ನು ಹೊರತಂದಿತು. 2018ರಲ್ಲಿ ಕಾಂಪೌಂಡ್ ಬಂತು. 2017ರಲ್ಲಿ ಇಥ್‌ಲೆಂಡ್ ಎಂಬ ಹೆಸರಿನಿಂದ ಆರಂಭವಾದ ಯೋಜನೆ ಆವೆ ಎಂಬ ಹೊಸ ಹೆಸರಿನಲ್ಲಿ 2020ರ ಜನವರಿಯಲ್ಲಿ ಕೆಲಸ ಆರಂಭಿಸಿತು. ಮಾರ್ಫೊ ಇವುಗಳ ನಂತರ ಬಂದದ್ದು. ಇವನ್ನು ನೇರವಾಗಿ ಬಳಸುವುದು ಸಾಮಾನ್ಯರಿಗೆ ತೊಡಕಿನ ಕೆಲಸವಾದ್ದರಿಂದ, ಹಲವು ಹೆಜ್ಜೆಗಳನ್ನು ಒಂದಾಗಿ ಕಟ್ಟಿಕೊಡುವ ಮಧ್ಯದ ಸಲಕರಣೆಗಳು ಬೆಳೆದವು. ಜೈನ್ ಸಹೋದರರಾದ ಸೌಮಯ್ ಮತ್ತು ಸಮ್ಯಕ್ ಕಟ್ಟಿದ ಇನ್‌ಸ್ಟಾಡ್ಯಾಪ್ ಅಂಥವುಗಳಲ್ಲಿ ಒಂದು. ಇಂದಿನ ಎಐ ಏಜೆಂಟ್‌ಗಳು ಈ ಸರಣಿಯ ಮುಂದಿನ ಹೆಜ್ಜೆ ಎನ್ನಬಹುದು.

ಲೆಕ್ಕ ನಡೆಯುವ ಬಗೆ

ಒಂದು ಉದಾಹರಣೆ ನೋಡೋಣ. ಒಬ್ಬರು 1,00,000 ರೂ. ಬೆಲೆಯ ಈಥರ್ ಅಡವಿಟ್ಟು 60,000 ರೂ. ಮೌಲ್ಯದ ಸ್ಟೇಬಲ್‌ಕಾಯಿನ್ ಸಾಲ ಪಡೆದರು ಎಂದಿಟ್ಟುಕೊಳ್ಳೋಣ. ಸಾಲದ ಮೊತ್ತ ಅಡಮಾನದ ಬೆಲೆಯ ಶೇ 80ನ್ನು ದಾಟಕೂಡದು ಎಂಬುದು ಆ ವ್ಯವಸ್ಥೆಯ ಮಿತಿ. ಅಡಮಾನದ ಶೇ 80 ಎಂದರೆ 80,000 ರೂ. ಅದನ್ನು 60,000 ರೂ. ಸಾಲದಿಂದ ಭಾಗಿಸಿದರೆ 1.33 ಬರುತ್ತದೆ. ಆವೆ ವ್ಯವಸ್ಥೆಯಲ್ಲಿ ಇದಕ್ಕೆ ‘ಹೆಲ್ತ್ ಫ್ಯಾಕ್ಟರ್’ ಎಂದು ಹೆಸರು, ಅಂದರೆ ಸಾಲದ ಆರೋಗ್ಯದ ಅಳತೆ. ಈ ಸಂಖ್ಯೆ 1ಕ್ಕಿಂತ ಮೇಲಿರುವವರೆಗೆ ಚಿಂತೆಯಿಲ್ಲ.

ಈಥರ್ ಬೆಲೆ ಶೇ 26ರಷ್ಟು ಕುಸಿಯಿತು ಎನ್ನೋಣ. ಅಡಮಾನದ ಬೆಲೆ 74,000 ರೂ.ಗೆ ಇಳಿಯುತ್ತದೆ. ಅದರ ಶೇ 80 ಎಂದರೆ 59,200 ರೂ. ಸಾಲಕ್ಕಿಂತ ಇದು ಕಡಿಮೆ. ಅಳತೆ 1ರ ಕೆಳಗೆ ಇಳಿದ ಆ ಕ್ಷಣದಿಂದ ಯಾರು ಬೇಕಾದರೂ ಮುಂದೆ ಬಂದು ಸಾಲದ ಒಂದು ಭಾಗವನ್ನು ತೀರಿಸಿ, ಅದಕ್ಕೆ ಬದಲಾಗಿ ಅಡಮಾನವನ್ನು ರಿಯಾಯಿತಿ ದರದಲ್ಲಿ ಎತ್ತಿಕೊಳ್ಳಬಹುದು. ರಿಯಾಯಿತಿ ಶೇ 5 ಎಂದಾದರೆ, 30,000 ರೂ. ಸಾಲ ತೀರಿಸಿದವನಿಗೆ 31,500 ರೂ. ಬೆಲೆಯ ಈಥರ್ ಸಿಗುತ್ತದೆ. 1,500 ರೂ. ನಷ್ಟ ಸಾಲಗಾರನ ಪಾಲಿಗೆ. ಅದಕ್ಕಿಂತ ಮುಖ್ಯವಾಗಿ, ಬೆಲೆ ಕುಸಿದ ಹೊತ್ತಿನಲ್ಲೇ ಅವನ ನಾಣ್ಯ ಮಾರಾಟವಾಗಿರುತ್ತದೆ. ಮರುದಿನ ಬೆಲೆ ಚೇತರಿಸಿಕೊಂಡರೂ ಅದು ಮರಳಿ ಬರದು.

ಚಿನ್ನದ ಸಾಲದೊಂದಿಗೆ ಇದನ್ನು ಹೋಲಿಸಬಹುದು. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಗೃಹಬಳಕೆಯ ಚಿನ್ನದ ಸಾಲದಲ್ಲಿ 2.5 ಲಕ್ಷ ರೂ.ವರೆಗೆ ಚಿನ್ನದ ಮೌಲ್ಯದ ಶೇ 85, ಐದು ಲಕ್ಷ ರೂ.ವರೆಗೆ ಶೇ 80, ಅದಕ್ಕೂ ಮೇಲೆ ಶೇ 75 ಮಿತಿ. ಸಂಖ್ಯೆಗಳು ಹೆಚ್ಚು ಕಡಿಮೆ ಒಂದೇ ತೆರನಾಗಿವೆ. ಆದರೆ ಬ್ಯಾಂಕ್ ಚಿನ್ನವನ್ನು ಹರಾಜಿಗೆ ಇಡುವ ಮೊದಲು ಸಾಲಗಾರನಿಗೆ ನೋಟಿಸ್ ನೀಡಲೇಬೇಕು. ಕ್ರಿಪ್ಟೊ ಸಾಲದಲ್ಲಿ ನೋಟಿಸ್ ಇಲ್ಲ, ಗಡುವು ಇಲ್ಲ. ಭಾನುವಾರವಿರಲಿ, ದೀಪಾವಳಿಯ ನಡುರಾತ್ರಿಯಿರಲಿ, ಬೆಲೆ ಗೆರೆ ದಾಟಿದರೆ ಮಾರಾಟ ನಡೆದೇ ತೀರುತ್ತದೆ.

ಎಚ್ಚರವಾಗಿರಲು ಮನುಷ್ಯನಿಗೆ ಸಾಧ್ಯವಿಲ್ಲದ ಹೊತ್ತಿನಲ್ಲಿ ಕಾವಲು ಕಾಯುವವರು ಬೇಕು ಎಂಬ ಬಯಕೆ ಹುಟ್ಟುವುದು ಇಲ್ಲೇ. ಎಐ ಏಜೆಂಟ್‌ಗಳ ಆಕರ್ಷಣೆಗೆ ಇದೇ ಮುಖ್ಯ ಕಾರಣ.

ಏಜೆಂಟ್ ಮಾಡುವುದೇನು?

ಚಾಟ್‌ಜಿಪಿಟಿ, ಕ್ಲಾಡ್ ಮೊದಲಾದ ಭಾಷಾ ಮಾದರಿಗಳು ತಮ್ಮಷ್ಟಕ್ಕೆ ತಾವು ಮಾತನಾಡಬಲ್ಲವೇ ಹೊರತು, ಆವೆ ವ್ಯವಸ್ಥೆಯಲ್ಲಿ ಈ ಕ್ಷಣದ ಬಡ್ಡಿದರ ಎಷ್ಟು ಎಂಬುದನ್ನು ತಿಳಿಯಲಾರವು. ಹೊರಗಿನ ತಂತ್ರಾಂಶಗಳನ್ನು ಕರೆಯಲು ಅವಕ್ಕೆ ಒಂದು ಕಿಂಡಿ ಬೇಕು. ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಅಂಥ ಒಂದು ಸಾಮಾನ್ಯ ಕಿಂಡಿ. ಅದೇ ತಿಂಗಳಲ್ಲಿ ಅಮೆರಿಕದ ಕಾಯಿನ್‌ಬೇಸ್ ಕಂಪನಿ ಎಐ ಏಜೆಂಟ್‌ಗಳಿಗೆ ಕ್ರಿಪ್ಟೊ ವ್ಯಾಲೆಟ್ ಒದಗಿಸುವ ‘ಏಜೆಂಟ್‌ಕಿಟ್’ ಹೊರತಂದಿತು. ಅಲ್ಲಿಂದ ಈಚೆಗೆ ಸಾಲ ವ್ಯವಸ್ಥೆಗಳಿಗಾಗಿಯೇ ರೂಪಿಸಿದ ಸಲಕರಣೆಗಳು ಬೆಳೆಯತೊಡಗಿದವು.

ಇಂಥ ಸಲಕರಣೆಯ ಕೆಲಸವನ್ನು ಮೂರು ಭಾಗವಾಗಿ ನೋಡಬಹುದು. ಮೊದಲನೆಯದು ಓದುವುದು. ಯಾವ ಮಾರುಕಟ್ಟೆಯಲ್ಲಿ ಎಷ್ಟು ಬಡ್ಡಿ, ಎಷ್ಟು ಹಣ ಲಭ್ಯ, ಬಳಕೆದಾರನ ಖಾತೆಯಲ್ಲಿ ಏನಿದೆ ಎಂಬ ಮಾಹಿತಿಯನ್ನು ಏಜೆಂಟ್ ಸಂಗ್ರಹಿಸುತ್ತದೆ. ಬ್ಲಾಕ್‌ಚೈನ್‌ನಲ್ಲಿ ಇವೆಲ್ಲ ಬಹಿರಂಗ ಮಾಹಿತಿಯಾದ್ದರಿಂದ ಓದುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಎರಡನೆಯದು ಸಿದ್ಧಪಡಿಸುವುದು. ‘ಸಾಲ ತೆಗೆ’ ಎಂಬ ಒಂದು ಮಾತಿನ ಹಿಂದೆ ಹಲವು ಹೆಜ್ಜೆಗಳಿವೆ. ತನ್ನ ನಾಣ್ಯವನ್ನು ಮುಟ್ಟಲು ಸಾಲ ವ್ಯವಸ್ಥೆಗೆ ಅನುಮತಿ ಕೊಡುವುದು ಒಂದು ವ್ಯವಹಾರ. ನಾಣ್ಯವನ್ನು ಅಡವಿಡುವುದು ಇನ್ನೊಂದು. ಸಾಲ ಪಡೆಯುವುದು ಮತ್ತೊಂದು. ಇವುಗಳ ಕ್ರಮ ತಪ್ಪುವಂತಿಲ್ಲ. ಒಂದೊಂದರಲ್ಲೂ ಯಾವ ವಿಳಾಸಕ್ಕೆ, ಯಾವ ಆಜ್ಞೆ, ಎಷ್ಟು ಮೊತ್ತ ಎಂಬುದನ್ನು ಯಂತ್ರಕ್ಕೆ ತಿಳಿಯುವ ಅಂಕಿ ಅಕ್ಷರಗಳ ಸಾಲಿನಲ್ಲಿ ಬರೆಯಬೇಕು.

ಮೂರನೆಯದು ಪರೀಕ್ಷಿಸುವುದು. ಸಿದ್ಧವಾದ ವ್ಯವಹಾರವನ್ನು ನಿಜವಾಗಿ ಕಳುಹಿಸದೆ, ಕಳುಹಿಸಿದರೆ ಏನಾಗುತ್ತದೆ ಎಂಬುದನ್ನು ಬ್ಲಾಕ್‌ಚೈನ್‌ನ ನಕಲು ಪ್ರತಿಯ ಮೇಲೆ ನಡೆಸಿ ನೋಡಲಾಗುತ್ತದೆ. ವ್ಯವಹಾರದ ನಂತರ ಸಾಲದ ಆರೋಗ್ಯದ ಅಳತೆ ಎಷ್ಟಿರುತ್ತದೆ, ಶುಲ್ಕ ಎಷ್ಟು ತಗಲುತ್ತದೆ, ಯಾವ ನಾಣ್ಯ ಹೊರಗೆ ಹೋಗಿ ಯಾವುದು ಒಳಗೆ ಬರುತ್ತದೆ ಎಂಬುದು ಆಗ ಮುಂಚಿತವಾಗಿ ತಿಳಿಯುತ್ತದೆ.

ಪತ್ರ ಬರೆಯುವವನು ಬೇರೆ, ಸಹಿ ಹಾಕುವವನು ಬೇರೆ

ಈ ಮೂರರಾಚೆ ನಾಲ್ಕನೆಯ ಹೆಜ್ಜೆಯೊಂದಿದೆ. ಅದು ಸಹಿ. ಕ್ರಿಪ್ಟೊ ವ್ಯಾಲೆಟ್‌ನ ಖಾಸಗಿ ಕೀಲಿಯಿಂದ ಹಾಕುವ ಡಿಜಿಟಲ್ ಸಹಿಯಿಲ್ಲದೆ ಯಾವ ವ್ಯವಹಾರವೂ ನಡೆಯದು. ಕೀಲಿ ಯಾರ ಕೈಯಲ್ಲಿದೆಯೋ ಹಣ ಅವರದು.

ಎಚ್ಚರಿಕೆಯಿಂದ ರೂಪಿಸಿದ ಸಲಕರಣೆಗಳು ಈ ನಾಲ್ಕನೆಯ ಹೆಜ್ಜೆಯನ್ನು ಏಜೆಂಟ್‌ಗೆ ಬಿಟ್ಟುಕೊಡುವುದಿಲ್ಲ. ಅವು ಸಹಿಯಿಲ್ಲದ ವ್ಯವಹಾರವನ್ನು ಸಿದ್ಧಪಡಿಸಿ ಅಲ್ಲಿಗೇ ನಿಲ್ಲುತ್ತವೆ. ತಾಲ್ಲೂಕು ಕಚೇರಿಯ ಎದುರು ಕುಳಿತ ಪತ್ರಬರಹಗಾರರ ಪಾತ್ರವನ್ನು ಇಲ್ಲಿ ನೆನೆಯಬಹುದು. ಕ್ರಯಪತ್ರವನ್ನು ಬರೆದುಕೊಡುವವರು ಅವರೇ, ಯಾವ ಕಲಮು ಎಲ್ಲಿ ಬರಬೇಕೆಂದು ಬಲ್ಲವರೂ ಅವರೇ. ಆದರೆ ಸಹಿ ಹಾಕಬೇಕಾದವರು ಜಮೀನಿನ ಮಾಲೀಕರು. ಪತ್ರಬರಹಗಾರರಿಗೆ ಮಾಲೀಕರ ಹೆಬ್ಬೆಟ್ಟನ್ನು ಕೊಟ್ಟು ಬರುವ ಪದ್ಧತಿ ಎಲ್ಲಿಯೂ ಇಲ್ಲ.

ಇನ್ನೊಂದು ಬಗೆಯ ಏಜೆಂಟ್‌ಗಳಿಗೆ ಕೀಲಿಯನ್ನೇ ಒಪ್ಪಿಸಲಾಗುತ್ತದೆ. ನಡುರಾತ್ರಿ ಬೆಲೆ ಕುಸಿದಾಗ ಮಾಲೀಕರನ್ನು ಎಬ್ಬಿಸದೆ ಸಾಲ ತೀರಿಸಬೇಕಾದರೆ ಇದು ಬೇಕೆಂಬುದು ಅದರ ಪರವಾದ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ. ಸಹಿಗಾಗಿ ಕಾಯುವ ಏಜೆಂಟ್ ರಾತ್ರಿ ಎರಡು ಗಂಟೆಗೆ ಎಚ್ಚರಿಕೆಯ ಸಂದೇಶ ಕಳುಹಿಸಬಹುದೇ ಹೊರತು ಸಾಲಗಾರನ ನಿದ್ದೆಯನ್ನು ಕೆಡಿಸಲಾರದು.

ಇವೆರಡರ ನಡುವಿನ ದಾರಿಯೂ ಇದೆ. ಇಂತಿಷ್ಟು ಮೊತ್ತದವರೆಗೆ, ಇಂಥದ್ದೇ ವ್ಯವಸ್ಥೆಯೊಂದಿಗೆ, ಸಾಲ ತೀರಿಸುವ ಕೆಲಸಕ್ಕೆ ಮಾತ್ರ ಎಂದು ಮಿತಿ ಹಾಕಿದ ತಾತ್ಕಾಲಿಕ ಕೀಲಿಯನ್ನು ಏಜೆಂಟ್‌ಗೆ ಕೊಡಬಹುದು. 2025ರ ಮೇ 7ರಂದು ಇಥೀರಿಯಂ ಜಾಲದಲ್ಲಿ ಜಾರಿಗೆ ಬಂದ ‘ಪೆಕ್ಟ್ರಾ’ ಪರಿಷ್ಕರಣೆ, ಸಾಮಾನ್ಯ ಖಾತೆಗಳಿಗೂ ಇಂಥ ನಿಯಮಗಳನ್ನು ಅಳವಡಿಸಿಕೊಳ್ಳುವ ಅವಕಾಶ ನೀಡಿತು. ಹೀಗೆ ಮಿತಿಯನ್ನು ತಂತ್ರಾಂಶದಲ್ಲೇ ಬರೆದಿಟ್ಟರೆ ಏಜೆಂಟ್ ದಾರಿ ತಪ್ಪಿದರೂ ನಷ್ಟ ಆ ಮಿತಿಯೊಳಗೆ ಉಳಿಯುತ್ತದೆ. ‘ಹೆಚ್ಚು ಖರ್ಚು ಮಾಡಬೇಡ’ ಎಂದು ಏಜೆಂಟ್‌ಗೆ ಮಾತಿನಲ್ಲಿ ಹೇಳುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ಮಾತಿಗೆ ಮರುಳಾದ ಯಂತ್ರ

ಅಂತರ ಎಷ್ಟೆಂಬುದನ್ನು 2024ರ ನವೆಂಬರ್‌ನಲ್ಲಿ ನಡೆದ ಒಂದು ಸ್ಪರ್ಧೆ ತೋರಿಸಿಕೊಟ್ಟಿತು. ‘ಫ್ರೇಸಾ’ ಎಂಬ ಎಐ ಏಜೆಂಟ್‌ನ ವಶಕ್ಕೆ ಒಂದಿಷ್ಟು ಕ್ರಿಪ್ಟೊ ಹಣ ಒಪ್ಪಿಸಿ, ಯಾವ ಕಾರಣಕ್ಕೂ ಅದನ್ನು ಯಾರಿಗೂ ಕೊಡಬಾರದೆಂದು ಆಜ್ಞಾಪಿಸಲಾಗಿತ್ತು. ಸಾರ್ವಜನಿಕರು ಶುಲ್ಕ ತೆತ್ತು ಅದರ ಮನವೊಲಿಸಲು ಯತ್ನಿಸಬಹುದಿತ್ತು. 481 ಯತ್ನಗಳು ವಿಫಲವಾದವು. 482ನೆಯ ಸಂದೇಶ ಕಳುಹಿಸಿದವನು, ಹಣ ಕೊಡಲು ಬಳಸುವ ಆಜ್ಞೆ ವಾಸ್ತವವಾಗಿ ಹಣ ಸ್ವೀಕರಿಸಲು ಇರುವಂಥದ್ದು ಎಂದು ಏಜೆಂಟ್ ಅನ್ನು ನಂಬಿಸಿದ. ಸುಮಾರು 47,000 ಡಾಲರ್ ಅವನ ಪಾಲಾಯಿತು.

ಅದು ಎಲ್ಲರಿಗೂ ತಿಳಿಸಿ ನಡೆಸಿದ ಸ್ಪರ್ಧೆ. ಆದರೆ ನಿಜವಾದ ವ್ಯವಹಾರದಲ್ಲಿ ಏಜೆಂಟ್ ಓದುವ ಪುಟದಲ್ಲೋ, ನಾಣ್ಯವೊಂದರ ಹೆಸರಿನಲ್ಲೋ, ಮಾಹಿತಿಯ ಮೂಲೆಯಲ್ಲೋ ಇಂಥದ್ದೇ ಸಂದೇಶವನ್ನು ಯಾರಾದರೂ ಅಡಗಿಸಿಡಬಹುದು. ಭಾಷಾ ಮಾದರಿಗೆ ಮಾಲೀಕನ ಆಜ್ಞೆಯೂ ಅಕ್ಷರವೇ, ಕಳ್ಳನ ಸಂದೇಶವೂ ಅಕ್ಷರವೇ. ಯಾವುದನ್ನು ಪಾಲಿಸಬೇಕು, ಯಾವುದನ್ನು ಬರಿದೆ ಓದಿ ಬಿಡಬೇಕು ಎಂಬ ವಿವೇಚನೆಯಲ್ಲಿ ಅದು ಎಡವುವ ಸಾಧ್ಯತೆ ಇದ್ದೇ ಇದೆ.

ವಿಳಾಸದ ಸಮಸ್ಯೆಯೂ ಇದರೊಂದಿಗೆ ಸೇರುತ್ತದೆ. ಹೊಸ ನಾಣ್ಯ ಸೃಷ್ಟಿಸಿ ಅದಕ್ಕೆ ಪ್ರಸಿದ್ಧ ನಾಣ್ಯದ ಹೆಸರನ್ನೇ ಇಡುವುದಕ್ಕೆ ಇಥೀರಿಯಂನಲ್ಲಿ ಅಡ್ಡಿಯಿಲ್ಲ. ಹೆಸರನ್ನು ನೋಡಿ ನಾಣ್ಯ ಆರಿಸುವ ಏಜೆಂಟ್, ಶಿವಮೊಗ್ಗದ ಹೊಸಮನೆಯ ಪತ್ರವನ್ನು ಭದ್ರಾವತಿಯ ಹೊಸಮನೆಗೆ ಹಾಕಿದಂತೆ ಮಾಡೀತು. ಭಾಷಾ ಮಾದರಿಗಳು ತಮಗೆ ತಿಳಿಯದ್ದನ್ನು ತಿಳಿದಂತೆ ಹೇಳುವ ಸ್ವಭಾವದವು. 42 ಅಕ್ಷರಗಳ ವಿಳಾಸವನ್ನು ನೆನಪಿನಿಂದ ಬರೆಯಲು ಬಿಟ್ಟರೆ ಅದು ಇಲ್ಲದ ವಿಳಾಸವನ್ನೇ ಬರೆಯಬಹುದು. ಆದ್ದರಿಂದ ವಿಳಾಸಗಳನ್ನು ಮೊದಲೇ ಪರಿಶೀಲಿಸಿದ ಪಟ್ಟಿಯಿಂದ ಮಾತ್ರ ತೆಗೆಯುವಂತೆ ಸಲಕರಣೆಯಲ್ಲಿ ನಿರ್ಬಂಧವಿರಬೇಕು.

ಮೊತ್ತದ ಸಮಸ್ಯೆ ಇನ್ನೊಂದು ತೆರನಾದದ್ದು. ಬ್ಲಾಕ್‌ಚೈನ್‌ನಲ್ಲಿ ದಶಮಾಂಶ ಬಿಂದು ಇಲ್ಲ. ಯುಎಸ್‌ಡಿಸಿ ಎಂಬ ಸ್ಟೇಬಲ್‌ಕಾಯಿನ್‌ಗೆ ಆರು ಸೊನ್ನೆ ಸೇರಿಸಿ ಬರೆಯಬೇಕು, ಈಥರ್‌ಗೆ ಹದಿನೆಂಟು. 100 ಯುಎಸ್‌ಡಿಸಿ ಎಂದರೆ ಯಂತ್ರದ ಲೆಕ್ಕದಲ್ಲಿ ಹತ್ತು ಕೋಟಿ. ಇದರ ಮೇಲೆ ಬಳಕೆದಾರ ಕನ್ನಡದಲ್ಲಿ ‘ಒಂದೂವರೆ ಸಾವಿರ’ ಎಂದೋ ‘ಮುಕ್ಕಾಲು ಲಕ್ಷ’ ಎಂದೋ ಹೇಳಿದರೆ, ಬಹುಪಾಲು ಇಂಗ್ಲಿಷ್ ಬರಹದಿಂದ ಕಲಿತ ಯಂತ್ರ ಅದನ್ನು ಹೇಗೆ ಗ್ರಹಿಸುತ್ತದೆಂದು ಊಹಿಸಿ ಕೂರುವುದು ಸಲ್ಲದು. ಗ್ರಹಿಸಿದ್ದನ್ನು ಅಂಕಿಯಲ್ಲಿ ಬರೆದು ತೋರಿಸಿ ಒಪ್ಪಿಗೆ ಪಡೆಯುವುದೊಂದೇ ದಾರಿ. ಸೊನ್ನೆ ಸೇರಿಸುವ ಲೆಕ್ಕವನ್ನು ಭಾಷಾ ಮಾದರಿಗೆ ಬಿಡದೆ ಸಲಕರಣೆಯೇ ಮಾಡಬೇಕು.

ಓದದೆ ಹಾಕಿದ ಸಹಿ

ಸಹಿ ಮನುಷ್ಯನ ಕೈಯಲ್ಲಿದ್ದ ಮಾತ್ರಕ್ಕೆ ಎಲ್ಲವೂ ಸುರಕ್ಷಿತ ಎನ್ನುವಂತಿಲ್ಲ. 2025ರ ಫೆಬ್ರುವರಿ 21ರಂದು ಬೈಬಿಟ್ ಎಂಬ ಕ್ರಿಪ್ಟೊ ವಿನಿಮಯ ಕೇಂದ್ರದಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದವು. ಅಲ್ಲಿ ಒಬ್ಬರ ಸಹಿ ಸಾಲದು, ಹಲವರ ಸಹಿ ಬೇಕೆಂಬ ನಿಯಮವಿತ್ತು. ಎಲ್ಲರೂ ಸಹಿ ಹಾಕಿದ್ದರು. ಆದರೆ ಕಳ್ಳರು ಪರದೆಯ ಮೇಲೆ ಕಾಣುವ ಮಾಹಿತಿಯನ್ನೇ ತಿದ್ದಿದ್ದರು. ಸಹಿದಾರರಿಗೆ ಕಂಡದ್ದು ದೈನಂದಿನ ವರ್ಗಾವಣೆ, ಅವರು ಸಹಿ ಹಾಕಿದ್ದು ಇಡೀ ತಿಜೋರಿಯ ಒಡೆತನಕ್ಕೆ. ಅಮೆರಿಕದ ಎಫ್‌ಬಿಐ ಈ ಕಳುವನ್ನು ಉತ್ತರ ಕೊರಿಯಾದ ತಂಡದ ಕೃತ್ಯವೆಂದು ಹೇಳಿತು.

ಇದರಲ್ಲಿ ಎಐ ಏಜೆಂಟ್‌ನ ಪಾತ್ರವಿರಲಿಲ್ಲ. ಆದರೂ ಪಾಠ ನೇರವಾಗಿ ಅನ್ವಯಿಸುತ್ತದೆ. ಏಜೆಂಟ್ ಸಿದ್ಧಪಡಿಸಿದ ವ್ಯವಹಾರದ ಸಾರಾಂಶವನ್ನು ಅದೇ ಏಜೆಂಟ್ ಬರೆದು ತೋರಿಸಿದರೆ, ಬಳಕೆದಾರ ಒಪ್ಪುವುದು ಸಾರಾಂಶವನ್ನು, ಸಹಿ ಬೀಳುವುದು ವ್ಯವಹಾರಕ್ಕೆ. ಎರಡೂ ಒಂದೇ ಎಂಬುದನ್ನು ಮೂರನೆಯವರು ಪರಿಶೀಲಿಸಬೇಕು. ವ್ಯಾಲೆಟ್ ತಂತ್ರಾಂಶವೇ ಸ್ವತಂತ್ರವಾಗಿ ವ್ಯವಹಾರವನ್ನು ಬಿಡಿಸಿ ಓದಿ, ‘ಇಷ್ಟು ನಾಣ್ಯ ಹೋಗುತ್ತದೆ, ಇಷ್ಟು ಬರುತ್ತದೆ’ ಎಂದು ತೋರಿಸುವ ವ್ಯವಸ್ಥೆ ಇದ್ದರೆ ಮಾತ್ರ ಸಹಿಗೆ ಅರ್ಥ.

ಯಂತ್ರ ಸರಿ, ಬೆಲೆ ತಪ್ಪು

ಕೆಲವು ಅಪಾಯಗಳು ಏಜೆಂಟ್‌ಗೂ ಸಂಬಂಧಿಸಿದ್ದಲ್ಲ, ಬಳಕೆದಾರನಿಗೂ ಸಂಬಂಧಿಸಿದ್ದಲ್ಲ. 2020ರ ಮಾರ್ಚ್ 12ರಂದು ಕೋವಿಡ್ ಭೀತಿಯಿಂದ ಈಥರ್ ಬೆಲೆ ಒಂದೇ ದಿನದಲ್ಲಿ ಶೇ 40ಕ್ಕೂ ಹೆಚ್ಚು ಕುಸಿಯಿತು. ಜಾಲದಲ್ಲಿ ದಟ್ಟಣೆ ಉಂಟಾಗಿ ಮೇಕರ್‌ಡಾವೊ ಹರಾಜುಗಳಿಗೆ ಬಿಡ್‌ದಾರರೇ ಬರಲಿಲ್ಲ. ಕೆಲವರು ಶೂನ್ಯ ಬೆಲೆಗೆ ಅಡಮಾನದ ನಾಣ್ಯಗಳನ್ನು ಗೆದ್ದುಕೊಂಡರು. ಅದೇ ವರ್ಷದ ನವೆಂಬರ್ 26ರಂದು ಒಂದು ಡಾಲರ್‌ಗೆ ನಿಲ್ಲಬೇಕಾದ ಡಾಯ್ ನಾಣ್ಯದ ಬೆಲೆ ಕಾಯಿನ್‌ಬೇಸ್ ಮಾರುಕಟ್ಟೆಯಲ್ಲಿ ಸ್ವಲ್ಪ ಹೊತ್ತು 1.30 ಡಾಲರ್‌ಗೆ ಏರಿತು. ಆ ಬೆಲೆಯನ್ನೇ ನಂಬಿದ ಕಾಂಪೌಂಡ್ ವ್ಯವಸ್ಥೆಯಲ್ಲಿ ಡಾಯ್ ಸಾಲ ಪಡೆದಿದ್ದವರ ಸಾಲ ಏಕಾಏಕಿ ಹಿಗ್ಗಿದಂತಾಗಿ, ಎಂಟು ಕೋಟಿ ಡಾಲರ್‌ಗೂ ಮಿಗಿಲಾದ ಅಡಮಾನ ಮಾರಾಟವಾಯಿತು. ತಂತ್ರಾಂಶ ತನಗೆ ಹೇಳಿದ್ದನ್ನೇ ಮಾಡಿತ್ತು. ಅದಕ್ಕೆ ಬಂದ ಬೆಲೆಯ ಮಾಹಿತಿ ಮಾತ್ರ ಲೋಕದ ವಾಸ್ತವಕ್ಕೆ ದೂರವಾಗಿತ್ತು.

2023ರ ಮಾರ್ಚ್‌ನಲ್ಲಿ ಯೂಲರ್ ಎಂಬ ಸಾಲ ವ್ಯವಸ್ಥೆಯ ತಂತ್ರಾಂಶದಲ್ಲಿದ್ದ ಲೋಪವನ್ನು ಬಳಸಿ ಸುಮಾರು 19.7 ಕೋಟಿ ಡಾಲರ್ ದೋಚಲಾಯಿತು. ತಜ್ಞರ ತಪಾಸಣೆಗಳಿಗೆ ಒಳಗಾಗಿದ್ದ ವ್ಯವಸ್ಥೆ ಅದು. ದೋಚಿದವನು ಬಳಿಕ ಬಹುಪಾಲು ಹಣ ಮರಳಿಸಿದನಾದರೂ, ಅದು ಅವನ ಮರ್ಜಿಯಿಂದ ಆದದ್ದು. ಎಷ್ಟು ಜಾಣ ಏಜೆಂಟ್ ಇದ್ದರೂ ಅಡಿಪಾಯದ ಬಿರುಕನ್ನು ಮುಚ್ಚಲಾರದು.

ಹಾಗೆಂದು ಮನುಷ್ಯರು ನಡೆಸುವ ಅಡಮಾನ ವ್ಯವಹಾರ ನಿಷ್ಕಳಂಕ ಎಂದೂ ಹೇಳುವಂತಿಲ್ಲ. ಶಿವಮೊಗ್ಗ ಡಿಸಿಸಿ ಬ್ಯಾಂಕಿನ ನಗರ ಶಾಖೆಯಲ್ಲಿ ನಕಲಿ ಚಿನ್ನದ ಮೇಲೆ ಸಾಲ ನೀಡಿದ ಪ್ರಕರಣ 2014ರಲ್ಲಿ ಬೆಳಕಿಗೆ ಬಂದಾಗ ಜಿಲ್ಲೆ ಬೆಚ್ಚಿತ್ತು. 62 ಕೋಟಿ ರೂ.ಗೂ ಹೆಚ್ಚಿನ ಹಣ ದುರ್ಬಳಕೆಯಾದ ಆರೋಪದ ಆ ಪ್ರಕರಣದ ತನಿಖೆ ಜಾರಿ ನಿರ್ದೇಶನಾಲಯದವರೆಗೆ ಹೋಯಿತು. ಬ್ಲಾಕ್‌ಚೈನ್ ಸಾಲದ ಸಮರ್ಥಕರು ಎತ್ತಿ ಹೇಳುವುದು ಇಂಥ ಪ್ರಸಂಗಗಳನ್ನೇ. ಅಲ್ಲಿ ಅಡಮಾನ ಇದೆಯೇ ಇಲ್ಲವೇ ಎಂಬುದನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ನೋಡಬಹುದು. ಒಪ್ಪಬೇಕಾದ ಮಾತಿದು. ಆದರೆ ಶಿವಮೊಗ್ಗದ ಪ್ರಕರಣದಲ್ಲಿ ದೂರು ಸ್ವೀಕರಿಸಲು ಪೊಲೀಸ್ ಠಾಣೆಯಿತ್ತು, ಪ್ರಶ್ನಿಸಲು ಸಹಕಾರ ಇಲಾಖೆಯಿತ್ತು, ಹೊಣೆ ಹೊರಿಸಲು ಹೆಸರುಗಳಿದ್ದವು ಎಂಬುದನ್ನೂ ಮರೆಯುವಂತಿಲ್ಲ.

ಕಾನೂನು ಏನೆನ್ನುತ್ತದೆ?

ಭಾರತದಲ್ಲಿ ಕ್ರಿಪ್ಟೊ ನಾಣ್ಯ ಹೊಂದುವುದು ಅಪರಾಧವಲ್ಲ. ಆದರೆ ಅದು ಅಧಿಕೃತ ಹಣವೂ ಅಲ್ಲ. ಬ್ಯಾಂಕುಗಳು ಕ್ರಿಪ್ಟೊ ವ್ಯವಹಾರಸ್ಥರಿಗೆ ಸೇವೆ ನೀಡಬಾರದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಹೊರಡಿಸಿದ್ದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿತು. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭದ ಮೇಲೆ ಶೇ 30 ತೆರಿಗೆ, ಅದೇ ವರ್ಷದ ಜುಲೈ 1ರಿಂದ ವರ್ಗಾವಣೆಯ ಮೇಲೆ ಶೇ 1 ಟಿಡಿಎಸ್ ಜಾರಿಗೆ ಬಂತು. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವುದಕ್ಕೂ ಅವಕಾಶವಿಲ್ಲ. 2023ರ ಮಾರ್ಚ್ 7ರಿಂದ ಕ್ರಿಪ್ಟೊ ಸೇವಾ ಸಂಸ್ಥೆಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದವು.

ಈ ನಿಯಮಗಳೆಲ್ಲ ಕೊಳ್ಳುವವರು, ಮಾರುವವರು ಮತ್ತು ನಡುವಿನ ಕಂಪನಿಗಳನ್ನು ಗಮನದಲ್ಲಿಟ್ಟು ಬರೆದಂಥವು. ತಂತ್ರಾಂಶವೊಂದಕ್ಕೆ ನಾಣ್ಯ ಅಡವಿಡುವುದು ‘ವರ್ಗಾವಣೆ’ಯೇ, ನಡುರಾತ್ರಿ ತಾನಾಗಿ ನಡೆದ ಮಾರಾಟದ ತೆರಿಗೆಯನ್ನು ಯಾವ ಬೆಲೆಯ ಮೇಲೆ ಲೆಕ್ಕ ಹಾಕಬೇಕು ಎಂಬ ಪ್ರಶ್ನೆಗಳಿಗೆ ಅವುಗಳಲ್ಲಿ ನೇರ ಉತ್ತರವಿಲ್ಲ. ಏಜೆಂಟ್ ಒಂದೇ ವಾರದಲ್ಲಿ ನಲವತ್ತು ವ್ಯವಹಾರ ಸಿದ್ಧಪಡಿಸಿ, ಬಳಕೆದಾರ ನಲವತ್ತಕ್ಕೂ ಸಹಿ ಹಾಕಿದರೆ, ವರ್ಷದ ಕೊನೆಯಲ್ಲಿ ಲೆಕ್ಕ ಒಪ್ಪಿಸಬೇಕಾದವರು ಬಳಕೆದಾರರೇ. ಲೆಕ್ಕ ಪರಿಶೋಧಕರ ಸಲಹೆ ಮೊದಲೇ ಪಡೆಯುವುದು ಕ್ಷೇಮ.

ರಕ್ಷಣೆಯ ವಿಷಯದಲ್ಲೂ ಅಂತರ ದೊಡ್ಡದು. ಬ್ಯಾಂಕ್ ಠೇವಣಿಗೆ ಐದು ಲಕ್ಷ ರೂ.ವರೆಗೆ ವಿಮೆ ಇದೆ. ಕ್ರಿಪ್ಟೊ ಸಾಲ ವ್ಯವಸ್ಥೆಯಲ್ಲಿ ತೊಡಗಿಸಿದ ಹಣಕ್ಕೆ ಅದು ಅನ್ವಯಿಸದು. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 4.4 ಕೋಟಿ ಡಾಲರ್ ಕಳುವಾದಾಗ, ಗ್ರಾಹಕರ ಹಣಕ್ಕೆ ಧಕ್ಕೆಯಿಲ್ಲ, ನಷ್ಟವನ್ನು ತಾನೇ ಭರಿಸುವುದಾಗಿ ಹೇಳಲು ಒಂದು ಕಂಪನಿಯಿತ್ತು. ತನಿಖೆಗೆ ಬೆಂಗಳೂರು ಪೊಲೀಸರಿದ್ದರು. ವಿಕೇಂದ್ರೀಕೃತ ವ್ಯವಸ್ಥೆಯಲ್ಲಿ ಹಾಗೆ ಹೇಳುವವರನ್ನು ಹುಡುಕಬೇಕಾಗುತ್ತದೆ. ಏಜೆಂಟ್ ತಪ್ಪು ಮಾಡಿದರೆ ಭಾಷಾ ಮಾದರಿ ರೂಪಿಸಿದ ಕಂಪನಿಯನ್ನು ಕೇಳಬೇಕೋ, ಸಲಕರಣೆ ಬರೆದವರನ್ನೋ, ಸಾಲ ವ್ಯವಸ್ಥೆಯನ್ನೋ? ಪ್ರತಿಯೊಬ್ಬರೂ ಕೊನೆಗೆ ಬೊಟ್ಟು ಮಾಡುವುದು ಸಹಿ ಹಾಕಿದವನ ಕಡೆಗೆ.

ಓದುಗರು ಗಮನಿಸಬೇಕಾದ ಅಂಶಗಳು

* ವ್ಯಾಲೆಟ್‌ನ 12 ಅಥವಾ 24 ಪದಗಳ ಗುಪ್ತ ಸಾಲನ್ನು ಯಾವ ಏಜೆಂಟ್‌ಗೂ, ಯಾವ ಚಾಟ್ ಕಿಟಕಿಯಲ್ಲೂ ಬರೆಯಬಾರದು. ವ್ಯವಹಾರ ಸಿದ್ಧಪಡಿಸಲು ಅದು ಬೇಕಾಗುವುದೇ ಇಲ್ಲ. ಕೇಳಿದರೆ ವಂಚನೆಯೆಂದೇ ತಿಳಿಯಬೇಕು.

* ನಾಣ್ಯವನ್ನು ಹೆಸರಿನಿಂದ ಗುರುತಿಸದೆ ವಿಳಾಸದಿಂದ ಗುರುತಿಸಬೇಕು. ಆ ವಿಳಾಸವನ್ನು ನಾಣ್ಯ ಹೊರಡಿಸಿದವರ ಅಧಿಕೃತ ತಾಣದಲ್ಲಿ ನೋಡಿ ತಾಳೆ ಹಾಕಬೇಕು.

* ‘ಅನುಮತಿ’ ವ್ಯವಹಾರದಲ್ಲಿ ಮೊತ್ತಕ್ಕೆ ಮಿತಿಯಿದೆಯೇ ಎಂದು ನೋಡಬೇಕು. ಅಪರಿಮಿತ ಅನುಮತಿ ಕೊಟ್ಟರೆ, ಮುಂದೊಂದು ದಿನ ಆ ವ್ಯವಸ್ಥೆಯಲ್ಲಿ ಲೋಪ ಕಂಡುಬಂದಾಗ ವ್ಯಾಲೆಟ್‌ನಲ್ಲಿ ಉಳಿದ ನಾಣ್ಯಕ್ಕೂ ಅಪಾಯ.

* ಏಜೆಂಟ್ ಕೊಟ್ಟ ಸಾರಾಂಶವನ್ನಷ್ಟೇ ನಂಬದೆ, ವ್ಯಾಲೆಟ್ ತೋರಿಸುವ ವಿವರವನ್ನು ಓದಿ ಸಹಿ ಹಾಕಬೇಕು. ಓದಿ ತಿಳಿಯದಿದ್ದರೆ ಸಹಿ ಹಾಕಬಾರದು.

* ಸಾಲದ ಮಿತಿ ಶೇ 80 ಎಂದಾದರೆ ಶೇ 80ರಷ್ಟು ಸಾಲ ಪಡೆಯುವುದು ಕೆರೆಯ ಏರಿಯ ಅಂಚಿಗೆ ನೀರು ತುಂಬಿಸಿದಂತೆ. ಒಂದೇ ದಿನದಲ್ಲಿ ಬೆಲೆ ಶೇ 40 ಕುಸಿದ ದಾಖಲೆ ಇರುವುದನ್ನು ನೆನಪಿಡಬೇಕು.

* ‘ಎಐ ಮೂಲಕ ಕ್ರಿಪ್ಟೊ ಸಾಲ, ದಿನಕ್ಕೆ ಇಂತಿಷ್ಟು ಖಚಿತ ಲಾಭ’ ಎಂಬ ಟೆಲಿಗ್ರಾಂ, ವಾಟ್ಸ್‌ಆ್ಯಪ್ ಸಂದೇಶಗಳಿಗೂ ಮೇಲೆ ವಿವರಿಸಿದ ಸಲಕರಣೆಗಳಿಗೂ ಸಂಬಂಧವಿಲ್ಲ. ನಿಜವಾದ ಸಾಲ ವ್ಯವಸ್ಥೆಯಲ್ಲಿ ಬಡ್ಡಿ ಬೇಡಿಕೆಗೆ ತಕ್ಕಂತೆ ಏರಿಳಿಯುತ್ತದೆ, ಅದನ್ನು ಖಚಿತಪಡಿಸಲು ಯಾರಿಂದಲೂ ಆಗದು. ವಂಚನೆಗೆ ಒಳಗಾದವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಎಐ ಏಜೆಂಟ್‌ಗಳಿಂದ ಆಗುವ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಹತ್ತು ಪುಟ ತೆರೆದು ಬಡ್ಡಿ ಹೋಲಿಸುವ, ಹೆಜ್ಜೆಗಳ ಕ್ರಮ ನೆನಪಿಡುವ, ಅಪಾಯದ ಗೆರೆ ಎಷ್ಟು ದೂರವಿದೆಯೆಂದು ಲೆಕ್ಕ ಹಾಕುವ ಶ್ರಮ ತಪ್ಪುತ್ತದೆ. ಆ ಶ್ರಮ ತಪ್ಪಿದಾಗ ಉಳಿಯುವ ಸಮಯವನ್ನು ಸಹಿ ಹಾಕುವ ಮುನ್ನ ಒಮ್ಮೆ ಓದುವುದಕ್ಕೆ ಬಳಸಿದರೆ ಸಲಕರಣೆ ಸಾರ್ಥಕವಾದೀತು. ಓದುವ ಕೆಲಸವನ್ನೂ ಏಜೆಂಟ್‌ಗೇ ಬಿಟ್ಟರೆ, ಅಡವಿಟ್ಟದ್ದು ನಾಣ್ಯವೊಂದನ್ನೇ ಅಲ್ಲ ಎಂಬುದು ತಡವಾಗಿ ಅರಿವಾದೀತು.